ಸಾರಾಂಶ ಮುಗಿದ ಮೇಲೆ: ಕಾದಂಬರಿ ಓದಿ ಚಿಂತನ ಬರೆಯುವ ಬಗ್ಗೆ

ಬಿ.ಇಡಿ. ಕೋರ್ಸನ್ನು ಎರಡು ವರ್ಷಕ್ಕೆ ಏರಿಸಿದ ಎನ್‌ಸಿಟಿಇಯ 2014ರ ನಿಯಮಾವಳಿಯ ಜೊತೆಯಲ್ಲಿ ಬಂದದ್ದು ಇಪಿಸಿ-1, ಅಂದರೆ 'ಪಠ್ಯಗಳ ಓದು ಮತ್ತು ಚಿಂತನ'. ಭಾಷೆ, ವಿಜ್ಞಾನ, ಸಮಾಜ ಎನ್ನದೆ ಎಲ್ಲ ವಿಭಾಗದ ಪ್ರಶಿಕ್ಷಣಾರ್ಥಿಗಳೂ ಇದನ್ನು ಮಾಡಲೇಬೇಕು. ಲೇಖನ, ವರದಿ, ಆತ್ಮಕಥೆ, ಕಾದಂಬರಿ ಹೀಗೆ ಬಗೆಬಗೆಯ ಪಠ್ಯಗಳನ್ನು ಓದಿ, ಓದಿದ್ದರ ಮೇಲೆ ಯೋಚಿಸಿ ಬರೆಯಬೇಕು ಎನ್ನುವುದು ಇದರ ಉದ್ದೇಶ. ಆದರೆ ನಮ್ಮ ರೆಕಾರ್ಡುಗಳನ್ನು ತೆರೆದು ನೋಡಿದರೆ ಮೊದಲ ಪುಟದಲ್ಲಿ ಲೇಖಕರ ಪರಿಚಯ, ನಂತರ ನಾಲ್ಕು ಪುಟ ಕಥಾಸಾರಾಂಶ, ಕೊನೆಯಲ್ಲಿ 'ನನಗೆ ಇಷ್ಟವಾದ ಪಾತ್ರ' ಎಂಬ ಆರು ಸಾಲು, ಇಷ್ಟೇ ಇರುತ್ತದೆ. 'ಚಿಂತನ' ಎಂಬ ಪದ ರಕ್ಷಾಪುಟದ ಮೇಲೆ ಮಾತ್ರ ಉಳಿದಿರುತ್ತದೆ.

ನಾನು ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವಳು. ಕಾದಂಬರಿಯ ಬಗ್ಗೆ ಬರೆಯಲು ನನಗೇನು ಅಧಿಕಾರ ಎಂದು ಕನ್ನಡ ವಿಧಾನದ ಗೆಳತಿಯರು ಕೇಳಬಹುದು. ನನ್ನ ಉತ್ತರ ಇಷ್ಟೆ. ವಿಜ್ಞಾನದವರಿಗೆ ಈ ಪತ್ರಿಕೆಯಲ್ಲಿ ಎಲ್ಲಿ ಕಷ್ಟವಾಗುತ್ತದೆ ಎನ್ನುವುದು ವಿಜ್ಞಾನದವರಿಗೇ ಚೆನ್ನಾಗಿ ಗೊತ್ತು. ಮುಂದಿನ ತಂಡದಲ್ಲಿ ಗಣಿತ, ವಿಜ್ಞಾನ ತೆಗೆದುಕೊಂಡು ಬರುವವರಿಗೆ ಉಪಯೋಗಕ್ಕೆ ಬರಲಿ ಎಂದು, ನಾವು ಐದು ಜನ ಸೇರಿ ಮಾಡಿದ್ದನ್ನೂ ನಾನು ಇಂಟರ್ನ್‌ಶಿಪ್ ಶಾಲೆಯ ಒಂಬತ್ತನೇ ತರಗತಿಯಲ್ಲಿ ಮಾಡಿದ್ದನ್ನೂ ಇಲ್ಲಿ ವಿವರಿಸುತ್ತೇನೆ.

ಮೊದಲು ಕಷ್ಟ ಯಾವುದು ಎಂದು ಹೇಳುತ್ತೇನೆ. ಅಮೆರಿಕದ ಶಿಕ್ಷಣತಜ್ಞೆ ಲೂಯಿ ರೋಸೆನ್‌ಬ್ಲಾಟ್ 1938ರಿಂದಲೇ ಸಾಹಿತ್ಯ ಬೋಧನೆಯ ಬಗ್ಗೆ ಬರೆಯುತ್ತಾ ಬಂದವರು. 1978ರ ಪುಸ್ತಕದಲ್ಲಿ ಅವರು ಓದಿನ ಎರಡು ಬಗೆಯನ್ನು ಗುರುತಿಸುತ್ತಾರೆ. ಒಂದು ಎಫರೆಂಟ್ ಓದು, ಇನ್ನೊಂದು ಈಸ್ಥೆಟಿಕ್ ಓದು. ಪ್ರಾಣಿಶಾಸ್ತ್ರ ಓದಿದವರಿಗೆ ಎಫರೆಂಟ್ ಹೊಸ ಪದವಲ್ಲ. ಮೆದುಳಿನಿಂದ ಸಂದೇಶವನ್ನು ಹೊರಗೆ ಒಯ್ಯುವ ನರಕ್ಕೆ ನಾವು ಹಾಗೇ ಹೇಳುತ್ತೇವೆ. ಓದಿನಲ್ಲೂ ಅದೇ ಅರ್ಥ: ಪುಟದಿಂದ ಏನನ್ನೋ ಎತ್ತಿಕೊಂಡು ಹೋಗುವ ಓದು. ಮಗು ವಿಷ ಕುಡಿದಾಗ ತಾಯಿ ಬಾಟಲಿಯ ಮೇಲಿನ ಚೀಟಿಯನ್ನು ಓದುವುದು ಇದಕ್ಕೆ ಅವರು ಕೊಡುವ ಉದಾಹರಣೆ. ಆಕೆಗೆ ಬೇಕಾದದ್ದು ಪ್ರತಿವಿಷದ ಹೆಸರು ಮಾತ್ರ. ಓದುವಾಗ ತನಗೇನಾಗುತ್ತಿದೆ ಎಂದು ಗಮನಿಸುತ್ತಾ ಕೂರುವ ಹೊತ್ತಲ್ಲ ಅದು. ಎರಡನೆಯ ಬಗೆಯಲ್ಲಿ ಓದುತ್ತಿರುವಾಗಲೇ ಓದುಗನೊಳಗೆ ಏನು ನಡೆಯುತ್ತಿದೆ ಎನ್ನುವುದೇ ಮುಖ್ಯ. ಒಂದೇ ಪುಸ್ತಕವನ್ನು ಎರಡೂ ರೀತಿಯಲ್ಲಿ ಓದಬಹುದು, ಬಹಳ ಸಲ ನಡುವೆ ಎಲ್ಲೋ ಓಡಾಡುತ್ತಿರುತ್ತೇವೆ ಎಂದೂ ಅವರು ಹೇಳುತ್ತಾರೆ.

ಮೂರು ವರ್ಷ ಲ್ಯಾಬ್ ರೆಕಾರ್ಡ್ ಬರೆದ ಕೈ ನಮ್ಮದು. ಉದ್ದೇಶ, ಬೇಕಾಗುವ ಸಾಮಗ್ರಿ, ವಿಧಾನ, ವೀಕ್ಷಣೆ, ಫಲಿತಾಂಶ. ಕಾದಂಬರಿಯನ್ನೂ ಅದೇ ಅಚ್ಚಿಗೆ ಹೊಯ್ದರೆ 'ಫಲಿತಾಂಶ'ದ ಜಾಗದಲ್ಲಿ ಸಾರಾಂಶವೋ ನೀತಿಯೋ ಬಂದು ಕೂರುತ್ತದೆ. ಮಕ್ಕಳೂ ಹೀಗೇ ಪಳಗಿದ್ದಾರೆ. ಕಥೆ ಓದಿ ಮುಗಿಸಿದ ಕೂಡಲೇ 'ಈ ಕಥೆಯಿಂದ ತಿಳಿದುಬರುವ ನೀತಿ' ಎಂದು ಪೆನ್ನು ಎತ್ತುತ್ತಾರೆ. ಹಾಗೆಂದು ಲ್ಯಾಬಿನ ಅಭ್ಯಾಸವನ್ನೆಲ್ಲಾ ಬಾಗಿಲ ಹೊರಗೆ ಬಿಟ್ಟು ಬನ್ನಿ ಎಂದು ನಾನು ಹೇಳುವುದಿಲ್ಲ. 'ವೀಕ್ಷಣೆ' ಎಂಬ ಕಾಲಂ ಇದೆಯಲ್ಲ, ಅದು ಕಾದಂಬರಿಗೆ ಬಹಳ ಬೇಕು. ಬಿಡಬೇಕಾದದ್ದು ಫಲಿತಾಂಶಕ್ಕೆ ಆತುರಪಡುವುದನ್ನು.

ನಾವು ಮಾಡಿಕೊಂಡ ವ್ಯವಸ್ಥೆ ಸರಳವಾದದ್ದು. ಒಂದು ನೋಟ್‌ಬುಕ್ಕಿನ ಪುಟವನ್ನು ಉದ್ದಕ್ಕೆ ಎರಡು ಮಾಡಿ, ಎಡಕ್ಕೆ ಪುಟಸಂಖ್ಯೆ ಮತ್ತು ಅಲ್ಲಿ ನಡೆದದ್ದು, ಬಲಕ್ಕೆ ಅದನ್ನು ಓದಿದಾಗ ನಮಗೆ ಬಂದ ಅನುಮಾನ, ಸಿಟ್ಟು, ನೆನಪು, ಪ್ರಶ್ನೆ. ವಾರಕ್ಕೊಮ್ಮೆ ಸೇರಿದಾಗ ಒಂದೇ ನಿಯಮ: ಏನೇ ಹೇಳಿದರೂ ಪುಟ ತೋರಿಸಬೇಕು. ಈ ನಿಯಮ ಇಲ್ಲದಿದ್ದರೆ ಮಾತು ಹತ್ತು ನಿಮಿಷದಲ್ಲಿ ಕಾದಂಬರಿಯನ್ನು ಬಿಟ್ಟು ಹಾಸ್ಟೆಲ್ ಊಟಕ್ಕೆ ಹೋಗುತ್ತದೆ.

ನಾವು ಮೂರು ಪುಸ್ತಕ ಆರಿಸಿಕೊಂಡೆವು. ಶಿವರಾಮ ಕಾರಂತರ 'ಚೋಮನ ದುಡಿ' (1933), ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980), ವಿವೇಕ ಶಾನಭಾಗರ 'ಘಾಚರ್ ಘೋಚರ್' (2013). ಮೂರೂ ಸಣ್ಣ ಪುಸ್ತಕಗಳು. ಬೋಧನಾಭ್ಯಾಸದ ದಿನಗಳಲ್ಲಿ ಪಾಠಯೋಜನೆ, ಬೋಧನೋಪಕರಣ, ವೀಕ್ಷಣಾ ಪಾಠಗಳ ನಡುವೆ 'ಮಲೆಗಳಲ್ಲಿ ಮದುಮಗಳು' ಹಿಡಿದರೆ ಅರ್ಧಕ್ಕೇ ನಿಲ್ಲುತ್ತದೆ. ತೆಳ್ಳಗಿರುವುದೂ ಒಂದು ಅರ್ಹತೆಯೇ.

'ಚೋಮನ ದುಡಿ'ಯ ಬಗ್ಗೆ ಹೆಚ್ಚು ಬರೆಯಬೇಕು, ಏಕೆಂದರೆ ತರಗತಿಯಲ್ಲಿ ನಿಜವಾದ ಕೆಲಸ ನಡೆದದ್ದು ಅಲ್ಲಿ. ಕಥೆ ಗೊತ್ತಿರುವುದೇ. ಚೋಮ ಒಡೆಯರಿಗೆ ಕಟ್ಟುಬಿದ್ದ ಆಳು, ಅಸ್ಪೃಶ್ಯ. ಮನೆಯಲ್ಲಿ ಎತ್ತುಗಳಿವೆ, ಉಳಲು ತುಂಡು ಹೊಲವಿಲ್ಲ. ಸ್ವಂತ ಬೇಸಾಯ ಮಾಡಬೇಕೆಂಬುದೊಂದೇ ಅವನ ಆಸೆ. ಸಾಲ ತೀರಿಸಲು ಮಕ್ಕಳು ಘಟ್ಟದ ಮೇಲಿನ ಕಾಫಿ ತೋಟಕ್ಕೆ ದುಡಿಯಲು ಹೋಗುತ್ತಾರೆ. ಒಬ್ಬೊಬ್ಬರಾಗಿ ಕೈಬಿಟ್ಟು ಹೋಗುತ್ತಾರೆ. ಕಿರಿಯ ಮಗ ನೀರಿನಲ್ಲಿ ಮುಳುಗುವಾಗ, ಮುಟ್ಟಬಾರದವನೆಂದು ದಡದಲ್ಲಿದ್ದವರು ಕೈ ಕೊಡುವುದಿಲ್ಲ. ಕೊನೆಗೆ ಚೋಮನ ಪಾಲಿಗೆ ಉಳಿಯುವುದು ದುಡಿ ಮಾತ್ರ.

ನನ್ನ ಇಂಟರ್ನ್‌ಶಿಪ್ ಶಾಲೆ ಇದ್ದದ್ದು ಕಾಫಿ ಸೀಮೆಯಲ್ಲಿ. ತರಗತಿಯಲ್ಲಿದ್ದ ಮೂವತ್ತನಾಲ್ಕು ಮಕ್ಕಳಲ್ಲಿ ಅರ್ಧದಷ್ಟು ಮಂದಿ ಎಸ್ಟೇಟ್ ಲೈನ್ ಮನೆಗಳಿಂದ ಬರುವವರು. ತೋಟದ ಮಾಲೀಕರ ಸಂಬಂಧಿಕರ ಮಕ್ಕಳು ಇಬ್ಬರು ಇದ್ದರು. ಕನ್ನಡ ಮೇಷ್ಟ್ರು ರಜೆಯಲ್ಲಿದ್ದಾಗ ಸಿಕ್ಕ ಬದಲಿ ಪಿರಿಯಡ್‌ಗಳಲ್ಲಿ ಎರಡು ಭಾಗಗಳನ್ನು ಗಟ್ಟಿಯಾಗಿ ಓದಿದೆ: ಚೋಮ ಒಡೆಯರ ಬಳಿ ಭೂಮಿ ಕೇಳಲು ಹೋಗುವ ಭಾಗ ಮತ್ತು ಮಕ್ಕಳು ತೋಟಕ್ಕೆ ಹೊರಡುವ ಭಾಗ. ಓದುವ ಮೊದಲೇ ಒಂದು ವಿಷಯವನ್ನು ಮಾರ್ಗದರ್ಶಕ ಶಿಕ್ಷಕರ ಜೊತೆ ಮಾತಾಡಿ ತೀರ್ಮಾನಿಸಿಕೊಂಡಿದ್ದೆ. ಯಾವ ಮಗುವಿಗೂ 'ನಿಮ್ಮ ಮನೆಯಲ್ಲಿ ಹೀಗೆ ಆಗಿದೆಯಾ' ಎಂದು ಕೇಳುವುದಿಲ್ಲ. ಜಾತಿಯ ಕುರಿತ ಪಠ್ಯವನ್ನು ತರಗತಿಗೆ ತಂದಾಗ ಶಿಕ್ಷಕರು ಒಳ್ಳೆಯ ಮನಸ್ಸಿನಿಂದಲೇ ಒಂದು ಮಗುವಿನ ಕಡೆ ತಿರುಗಿ ನೋಡುತ್ತಾರೆ. ಆ ನೋಟ ಸಾಕು, ಇಡೀ ತರಗತಿಗೆ ಯಾರು ಯಾರೆಂದು ಗೊತ್ತಾಗಿಬಿಡುತ್ತದೆ. ಚಿಂತನ ಅಂದರೆ ಅನುಭವ ಹೇಳಿಸುವುದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ಮಗು ತಾನಾಗಿ ಹೇಳಿದರೆ ಕೇಳಬೇಕು, ಹೇಳಿಸಬಾರದು. ಪ್ರಶ್ನೆ ಪುಸ್ತಕದ ಮೇಲಿರಬೇಕು, ಮಗುವಿನ ಮೇಲಲ್ಲ.

ಹಾಗಾಗಿ ನಾನು ಕೇಳಿದ್ದು ಎರಡೇ ಪ್ರಶ್ನೆ. ಚೋಮನಿಗೆ 'ಇಲ್ಲ' ಎಂದವರು ಯಾರು? ಅವರು ಹಾಗೆ ಹೇಳಲು ಕಾರಣವೇನು? ಮೊದಲನೆಯದು ಸುಲಭ ಎಂದುಕೊಂಡು ಎಲ್ಲರೂ 'ಒಡೆಯರು ಮಿಸ್' ಎಂದರು. ಪುಟ ತೋರಿಸಿ ಎಂದೆ. ಅಲ್ಲಿ ತೊಡಕು. ಸಂಕಪ್ಪಯ್ಯ ಕ್ರೂರಿಯಲ್ಲ. ಕೊಡಬಹುದೇನೋ ಎಂದು ಅವನ ಮನಸ್ಸು ಓಲುತ್ತದೆ. ಅಡ್ಡ ಬರುವುದು ತಾಯಿ, ಹಿಂದಿನಿಂದ ನಡೆದುಬಂದ ಕಟ್ಟಳೆ, ಊರು ಏನೆಂದೀತು ಎಂಬ ಅಂಜಿಕೆ. ಸಿನಿಮಾದಲ್ಲಿರುವ ಹಾಗೆ ಮೀಸೆ ತಿರುವುವ ಖಳನಾಯಕ ಇಲ್ಲಿಲ್ಲ ಎಂಬುದು ಮಕ್ಕಳಿಗೆ ಇರುಸುಮುರುಸಾಯಿತು. ಒಬ್ಬ ಹುಡುಗಿ, 'ಯಾರೂ ಕೆಟ್ಟೋರಲ್ಲ ಅಂದ್ರೆ ಬೈಯೋದು ಯಾರಿಗೆ?' ಎಂದು ಕೇಳಿದಳು. ನೋಟ್‌ಬುಕ್ಕಿನ ಬಲಬದಿಯಲ್ಲಿ ಬರೆದುಕೊಳ್ಳಲು ಹೇಳಿದೆ. ನಾನೂ ನನ್ನದರಲ್ಲಿ ಬರೆದುಕೊಂಡೆ.

ಆಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ ಪ್ರಶ್ನೆ ನನ್ನನ್ನು ಎರಡು ದಿನ ಲೈಬ್ರರಿಯಲ್ಲಿ ಕೂರಿಸಿತು. 'ಈಗ ಆಗಿದ್ರೆ ಚೋಮಂಗೆ ಜಮೀನು ಸಿಗ್ತಿತ್ತಾ ಮಿಸ್?'

ಹಳೆಯ ಕಾದಂಬರಿಗಳನ್ನು ಓದಿಸುವಾಗ ನಮಗೆ ಒಂದು ಸುಲಭದ ಉತ್ತರ ಸಿದ್ಧವಾಗಿರುತ್ತದೆ: ಅದು ಆ ಕಾಲ, ಈಗ ಕಾನೂನು ಬಂದಿದೆ. ಸಮಾಜ ವಿಜ್ಞಾನದ ಮೇಡಂ ಜೊತೆ ಕೂತು ನೋಡಿದಾಗ ವಿಷಯ ಅಷ್ಟು ಸಲೀಸಾಗಿರಲಿಲ್ಲ. ರಾಜ್ಯದ ಭೂಸುಧಾರಣಾ ಕಾಯ್ದೆ 1961ರದ್ದು. ಅದಕ್ಕೆ ಬಲ ಬಂದದ್ದು 1974ರ ತಿದ್ದುಪಡಿಯಿಂದ, ದೇವರಾಜ ಅರಸರ ಕಾಲದಲ್ಲಿ. ಗೇಣಿದಾರರು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿ ಒಪ್ಪಿದರೆ ಉಳುತ್ತಿದ್ದ ಭೂಮಿಗೆ ಒಡೆಯರಾದರು. ಸಾವಿರಾರು ಕುಟುಂಬಗಳ ಬದುಕು ಬದಲಾಯಿತು. ಆದರೆ ಅರ್ಜಿ ಹಾಕಬೇಕಾದರೆ ಗೇಣಿಗೆ ಉಳುತ್ತಿರಬೇಕು. ಚೋಮ ಗೇಣಿದಾರನೇ ಅಲ್ಲ, ಆಳು. ಗೇಣಿಗೆ ಭೂಮಿ ಕೊಡಿ ಎಂದೇ ಅವನು ಕೇಳುತ್ತಿರುವುದು, ಅದನ್ನೇ ಅವನಿಗೆ ನಿರಾಕರಿಸಿರುವುದು. ಅಂದರೆ 1974ರಲ್ಲಿ ಅವನು ಬದುಕಿದ್ದರೂ ಫಾರಂನಲ್ಲಿ ಬರೆಯಲು ಅವನ ಬಳಿ ಸರ್ವೆ ನಂಬರ್ ಇರುತ್ತಿರಲಿಲ್ಲ. ಅವನಂಥವರಿಗೆ ಹೆಚ್ಚು ಹತ್ತಿರವಾದದ್ದು 1976ರ ಜೀತಪದ್ಧತಿ ನಿರ್ಮೂಲನಾ ಕಾಯ್ದೆ. ಅದು ಸಾಲದ ಕಟ್ಟನ್ನು ಬಿಡಿಸಿತು, ಭೂಮಿ ಕೊಡುವುದು ಅದರ ಕೆಲಸವಾಗಿರಲಿಲ್ಲ. ಇನ್ನು ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸಿನ ತೋಟಗಳಿಗೆ ಭೂಸುಧಾರಣಾ ಕಾಯ್ದೆಯಲ್ಲೇ ವಿನಾಯಿತಿ ಇತ್ತು. ಮಿತಿಗಿಂತ ಹೆಚ್ಚಿನ ಜಮೀನು ಸರ್ಕಾರಕ್ಕೆ ಬಂದಾಗ ಭೂರಹಿತರಿಗೆ ಹಂಚಬೇಕೆಂಬ ನಿಯಮವೂ ಇದೆ, ಅದರಲ್ಲಿ ಚೋಮನಿಗೆ ಒಂದು ಪಾಲು ಸಿಗಬಹುದಿತ್ತು ಎಂದು ಮೇಡಂ ಸೇರಿಸಿದರು. ಆ 'ಬಹುದಿತ್ತು' ಎಂಬುದನ್ನೂ ಮಕ್ಕಳಿಗೆ ಹಾಗೇ ಹೇಳಿದೆ.

ಇದನ್ನೆಲ್ಲಾ ಬೋರ್ಡಿನ ಮೇಲೆ ಇಸವಿ ಹಾಕಿ ವಿವರಿಸಿದಾಗ ಆ ಹುಡುಗ ಏನೂ ಹೇಳಲಿಲ್ಲ. ನಾಲ್ಕು ದಿನದ ಮೇಲೆ ಅವನ ನೋಟ್‌ಬುಕ್ ನೋಡಿದೆ. ಬಲಬದಿಯಲ್ಲಿ ಬರೆದಿದ್ದ: ಫಾರಂ ಏಳಕ್ಕಿಂತ ಮುಂಚೆ ಇನ್ನೊಂದು ಫಾರಂ ಇರಬೇಕಿತ್ತು.

ನನ್ನ ಪ್ರಕಾರ ಚಿಂತನ ಅಂದರೆ ಇದು. ಅವನು ಸಾರಾಂಶ ಬರೆದಿಲ್ಲ, ನೀತಿ ಬರೆದಿಲ್ಲ. ಕಾದಂಬರಿಯೊಳಗಿನ ಒಂದು ನಿರಾಕರಣೆಯನ್ನು ಹಿಡಿದು, ಅದರಿಂದ ಕಾನೂನನ್ನು ಅಳೆದು ನೋಡಿದ್ದಾನೆ. ಕಾನೂನಿನ ಪಾಠವನ್ನಷ್ಟೇ ಮಾಡಿದ್ದರೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಕಾದಂಬರಿಯನ್ನಷ್ಟೇ ಓದಿ ಅಯ್ಯೋ ಪಾಪ ಎಂದಿದ್ದರೂ ಹುಟ್ಟುತ್ತಿರಲಿಲ್ಲ. ಎಫರೆಂಟ್ ಓದು ಕೀಳು, ಇನ್ನೊಂದು ಮೇಲು ಎಂದು ನಾನು ಭಾವಿಸದಿರುವುದಕ್ಕೆ ಇದೂ ಒಂದು ಕಾರಣ. ಚೋಮನ ಜೊತೆ ಒಡೆಯರ ಅಂಗಳದಲ್ಲಿ ನಿಂತವನಿಗೆ ಮಾತ್ರ ಲೈಬ್ರರಿಯಿಂದ ಏನು ಹೊತ್ತು ತರಬೇಕೆಂದು ಗೊತ್ತಾಗುತ್ತದೆ.

'ಕರ್ವಾಲೊ' ವಿಜ್ಞಾನದವರಿಗೆ ತವರುಮನೆಯಂತೆ ಕಾಣುತ್ತದೆ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕಥೆ, ಅದರಲ್ಲೂ ವಿಜ್ಞಾನಿಯೇ ಒಬ್ಬ ಮುಖ್ಯ ಪಾತ್ರ. ನಮ್ಮ ಗುಂಪಿನ ಮೂವರು ವಿಜ್ಞಾನದವರೂ ಮೊದಲು ಮಾಡಿದ್ದು ಒಂದೇ ಕೆಲಸ: ಈ ಪ್ರಾಣಿ ಇದೆಯೇ ಎಂದು ಹುಡುಕಿದ್ದು. ಇದೆ. ಡ್ರಾಕೊ ಡುಸ್ಸುಮಿಯೆರಿ, ಪಶ್ಚಿಮ ಘಟ್ಟದ ಹಾರುವ ಓತಿ. ನೀಳವಾದ ಪಕ್ಕೆಲುಬುಗಳು ಚಾಚಿದಾಗ ಅವುಗಳ ನಡುವಿನ ಚರ್ಮ ರೆಕ್ಕೆಯಂತೆ ಅಗಲವಾಗುತ್ತದೆ. ಹಕ್ಕಿಯ ಹಾಗೆ ರೆಕ್ಕೆ ಬಡಿದು ಮೇಲೇರುವುದಿಲ್ಲ. ಮರದಿಂದ ಮರಕ್ಕೆ ತೇಲುತ್ತದೆ, ಆದ್ದರಿಂದ ಇದು ಹಾರಾಟವಲ್ಲ, ಗ್ಲೈಡಿಂಗ್. ಮುಖ್ಯ ಆಹಾರ ಇರುವೆ. ಅಡಿಕೆ, ತೆಂಗಿನ ತೋಟಗಳಲ್ಲೂ ಕಾಣಸಿಗುತ್ತದೆ. ತರಗತಿಯಲ್ಲಿ ಚಿತ್ರ ತೋರಿಸಿದಾಗ ನಾಲ್ಕೈದು ಮಕ್ಕಳು, 'ಇದಾ ಮಿಸ್? ನಮ್ಮ ಮನೆ ಹಿಂದಿನ ಅಡಿಕೆ ಮರದಲ್ಲೇ ಇರುತ್ತೆ' ಎಂದು ಬಿಟ್ಟರು. ಕಾದಂಬರಿಯಲ್ಲಿ ಅಷ್ಟು ದುರ್ಲಭವಾದದ್ದು ಇವರಿಗೆ ಹಿತ್ತಲಿನದು.

ಇಷ್ಟಕ್ಕೆ ನಿಲ್ಲಿಸಿದ್ದರೆ ಅದೊಂದು ಒಳ್ಳೆಯ ಜೀವಶಾಸ್ತ್ರ ಪಾಠವಾಗುತ್ತಿತ್ತು. ಆದರೆ ಪುಸ್ತಕದ ಜೀವ ಓತಿಯಲ್ಲಿಲ್ಲ, ಮಂದಣ್ಣನಲ್ಲಿದೆ. ಹೆಚ್ಚು ಓದಿರದ, ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಂತೆ ಕಾಣುವ ಹಳ್ಳಿಯ ಹುಡುಗ. ಕಥೆ ಹೇಳುವ ಕೃಷಿಕನೂ ಅವನನ್ನು ಮೊದಲಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವನ ಕಣ್ಣಿನ ಸೂಕ್ಷ್ಮವನ್ನು ಗುರುತಿಸುವುದು ಕರ್ವಾಲೊ ಒಬ್ಬರೇ. ನಾಳೆ ಶಿಕ್ಷಕರಾಗುವವರು ಈ ಪುಸ್ತಕವನ್ನು ಓದಬೇಕಾದದ್ದು ಇಲ್ಲಿ. ನಮ್ಮ ಸಿಸಿಇ ನಮೂನೆಗಳಲ್ಲಿ ಮಂದಣ್ಣನಂಥ ವಿದ್ಯಾರ್ಥಿಗೆ ಯಾವ ಗ್ರೇಡ್ ಬೀಳುತ್ತದೆ? ಜೀವಕೋಶದ ಚಿತ್ರ ಬರೆದು ಭಾಗಗಳನ್ನು ಗುರುತಿಸಲು ಬಾರದ, ಆದರೆ ಯಾವ ಮರದ ಪೊಟರೆಯಲ್ಲಿ ತುಡುವೆ ಜೇನು ಕಟ್ಟಿದೆ ಎಂದು ಹೇಳಬಲ್ಲ ಹುಡುಗರು ನನ್ನ ತರಗತಿಯಲ್ಲೇ ಮೂವರಿದ್ದರು. ಅಡಿಕೆ ಮರದ ಓತಿಯ ಬಗ್ಗೆ ಹೇಳಿದವರಲ್ಲಿ ಇಬ್ಬರು ಅವರೇ. ಆ ದಿನ ಕಪ್ಪುಹಲಗೆಯ ಮೇಲೆ ವೀಕ್ಷಣೆ ಬರೆಯಲು ಅವರನ್ನೇ ಕರೆದೆ. ಎಷ್ಟು ಹೊತ್ತಿಗೆ ಕಾಣುತ್ತದೆ, ಎಷ್ಟು ದೂರ ತೇಲುತ್ತದೆ, ಇಳಿಯುವ ಮುನ್ನ ಮೈ ಹೇಗೆ ತಿರುಗಿಸುತ್ತದೆ. ಕಾಗುಣಿತ ತಪ್ಪಿತ್ತು, ವೀಕ್ಷಣೆ ತಪ್ಪಿರಲಿಲ್ಲ.

ಕಾದಂಬರಿಯ ಕೊನೆಯಲ್ಲಿ ಓತಿ ಕೈಗೆ ಸಿಗುವುದಿಲ್ಲ, ಕಣಿವೆಯತ್ತ ತೇಲಿ ಹೋಗುತ್ತದೆ. 'ಫಲಿತಾಂಶ'ದ ಕಾಲಂ ಖಾಲಿ. ನಮ್ಮ ಗುಂಪಿನ ಗಣಿತದ ಗೆಳೆಯನಿಗೆ ಇದರಿಂದ ಬಹಳ ಬೇಸರವಾಯಿತು, ಅಷ್ಟು ದೂರ ನಡೆಸಿದ್ದು ಇದಕ್ಕಾ ಎಂದ. ಆ ಬೇಸರವನ್ನೇ ಬರೆ, ಯಾಕೆ ಬೇಸರ ಅಂತ ಬರೆ ಎಂದೆವು. ಅವನ ರೆಕಾರ್ಡಿನಲ್ಲಿ ಅತ್ಯಂತ ಚೆನ್ನಾಗಿರುವ ಪುಟ ಅದೇ.

'ಘಾಚರ್ ಘೋಚರ್' ಅನ್ನು ಒಂಬತ್ತನೇ ತರಗತಿಗೆ ಒಯ್ಯಲಿಲ್ಲ, ಒಯ್ಯಲೂಬಾರದು. ಅದು ನಮಗಾಗಿ. ಬೆಂಗಳೂರಿನ ಒಂದು ಕುಟುಂಬ; ಚಿಕ್ಕಪ್ಪ ಶುರುಮಾಡಿದ ಸೋನಾ ಮಸಾಲೆ ವ್ಯಾಪಾರದಿಂದ ದಿಢೀರನೆ ದುಡ್ಡು ಬಂದು ಮನೆಯವರೆಲ್ಲ ಹೇಗೆ ಬದಲಾಗುತ್ತಾರೆ ಎಂಬುದನ್ನು ಆ ಮನೆಯ ಮಗ ಹೇಳುತ್ತಾನೆ. ಚಿಕ್ಕಪ್ಪನನ್ನು ಹುಡುಕಿಕೊಂಡು ತೊವ್ವೆ ಮಾಡಿ ತಂದ ಹೆಂಗಸೊಬ್ಬಳನ್ನು ಮನೆಯ ಹೆಂಗಸರು ಬಾಗಿಲಲ್ಲೇ ಅವಮಾನಿಸಿ ಓಡಿಸುತ್ತಾರೆ. ಕಥೆ ಹೇಳುವವನು ಅದನ್ನೆಲ್ಲಾ ನೋಡಿಕೊಂಡು ಸುಮ್ಮನಿರುತ್ತಾನೆ.

ಹೊಸ ಕಾದಂಬರಿ ಹಳೆಯದಕ್ಕಿಂತ ಸುಲಭ ಎಂದು ನಾವು ಅಂದುಕೊಳ್ಳುತ್ತೇವೆ, ಭಾಷೆ ನಮ್ಮದೇ ಆದ್ದರಿಂದ. ನನಗೆ ಅದು ಹೆಚ್ಚು ಕಷ್ಟವೆನಿಸಿತು. 'ಚೋಮನ ದುಡಿ' ಓದುವಾಗ ದಡದಲ್ಲಿ ನಿಂತವರನ್ನು ನಾವು ನಿಶ್ಚಿಂತೆಯಿಂದ ದೂರಬಹುದು. ತೊಂಬತ್ತು ವರ್ಷದ ಅಂತರ ನಮ್ಮನ್ನು ಕಾಪಾಡುತ್ತದೆ. ಇಲ್ಲಿ ಆ ಅಂತರವಿಲ್ಲ. ಹೇಳುವವನು ಮೃದುವಾಗಿ, ನಮ್ಮದೇ ಧಾಟಿಯಲ್ಲಿ ಮಾತಾಡುತ್ತಾನೆ, ನಾವೂ ತಲೆಯಾಡಿಸುತ್ತಾ ಹೋಗುತ್ತೇವೆ. ಪಿಯುಸಿಯಲ್ಲಿ ಸ್ಕ್ರೂ ಗೇಜ್ ಹಿಡಿದಾಗ ಮೊದಲು ಶೂನ್ಯ ದೋಷ ನೋಡಿಕೊಳ್ಳಿ ಎನ್ನುತ್ತಿದ್ದರಲ್ಲ, 'ನಾನು' ಎಂದು ಕಥೆ ಹೇಳುವವನ ವಿಷಯದಲ್ಲೂ ಹಾಗೇ ಮಾಡಬೇಕು. ಅವನು ಯಾವುದನ್ನು ಉದ್ದಕ್ಕೆ ಹೇಳುತ್ತಾನೆ, ಯಾವುದನ್ನು ಅರ್ಧ ವಾಕ್ಯದಲ್ಲಿ ದಾಟಿಸುತ್ತಾನೆ, ಯಾರು ಮಾತಾಡುವಾಗ ಎದ್ದು ಕಾಫಿ ಹೌಸಿಗೆ ಹೋಗುತ್ತಾನೆ? ನಾವು ಐವರೂ ಪುಟ ಹಿಡಿದು ಗುರುತು ಹಾಕಿದೆವು. ಹೆಂಡತಿ ಅನಿತಾ ಪ್ರಶ್ನೆ ಕೇಳುವ ಜಾಗಗಳಲ್ಲೇ ಅವನ ದೋಷ ಹೆಚ್ಚು ಎಂದು ನನಗೆ ಕಂಡಿತು. ಕೊನೆಯಲ್ಲಿ ಏನಾಯಿತು ಎಂಬ ಬಗ್ಗೆ ನಮ್ಮಲ್ಲಿ ಮೂರು ಅಭಿಪ್ರಾಯ ಉಳಿದವು, ಅವು ಹಾಗೇ ಇರಲಿ ಎಂದು ಮೂರನ್ನೂ ರೆಕಾರ್ಡಿನಲ್ಲಿ ಬರೆದೆವು.

ಮೌಲ್ಯಮಾಪನದ ಬಗ್ಗೆ ಒಂದು ಮಾತು. ಚಿಂತನಕ್ಕೆ ಅಂಕ ಕೊಡುವುದು ಕಷ್ಟ ಎಂದು ಉಪನ್ಯಾಸಕರೂ ಒಪ್ಪುತ್ತಾರೆ. ಭಾವುಕವಾಗಿ ಬರೆದವರಿಗೆ, ಸ್ವಂತ ನೋವು ಬರೆದವರಿಗೆ ಹೆಚ್ಚು ಅಂಕ ಸಿಗುವ ಅಪಾಯವಿದೆ. ಅದನ್ನು ಕಂಡುಕೊಂಡ ಪ್ರಶಿಕ್ಷಣಾರ್ಥಿಗಳು ನೋವನ್ನು ಹುಟ್ಟಿಸಿಕೊಂಡು ಬರೆಯುವುದೂ ಉಂಟು. ನನ್ನ ಸಲಹೆ, ಎಡಬದಿ ಮತ್ತು ಬಲಬದಿಯ ನಡುವಿನ ನಂಟನ್ನು ನೋಡಿ. ಬಲಬದಿಯ ಪ್ರಶ್ನೆ ಎಡಬದಿಯ ಪುಟದಿಂದಲೇ ಹುಟ್ಟಿದೆಯೇ, ಅದೇ ಓದುಗ ಆರಂಭದಲ್ಲಿ ಬರೆದದ್ದನ್ನು ಐವತ್ತು ಪುಟದ ಮೇಲೆ ತಿದ್ದಿಕೊಂಡಿದ್ದಾನೆಯೇ ಎಂದು ನೋಡಿದರೆ ಸಾಕು. ಲೇಖಕರ ಪರಿಚಯದ ಪುಟವನ್ನು ತೆಗೆದೇ ಬಿಡಬಹುದು. ಅದು ಎಲ್ಲರ ರೆಕಾರ್ಡಿನಲ್ಲೂ ಒಂದೇ ಆಗಿರುತ್ತದೆ, ಅಲ್ಪವಿರಾಮಗಳ ಸಮೇತ.

ಶಾಲೆಯಲ್ಲಿ ಮಾಡುವವರಿಗೆ ಸಮಯದ ಲೆಕ್ಕ ಹೇಳಿಬಿಡುತ್ತೇನೆ. ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ಹದಿನೈದು ನಿಮಿಷ ಗಟ್ಟಿ ಓದು, ಐದು ನಿಮಿಷ ಮೌನವಾಗಿ ಬರೆಯುವುದು, ಉಳಿದದ್ದು ಮಾತು. ಬರೆಯುವ ಐದು ನಿಮಿಷವನ್ನು ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ಯಾವಾಗಲೂ ಕೈ ಎತ್ತುವ ಮೂವರೇ ಮಾತಾಡುತ್ತಾರೆ. ಶಾಲಾ ಗ್ರಂಥಾಲಯದ ಬೀರುವಿನ ಬೀಗದ ಕೈ ಯಾರ ಬಳಿ ಇದೆ ಎಂದು ಮೊದಲ ವಾರವೇ ವಿಚಾರಿಸಿಕೊಳ್ಳಿ. ನನ್ನ ಶಾಲೆಯಲ್ಲಿ 'ಚೋಮನ ದುಡಿ'ಯ ಎರಡು ಪ್ರತಿ ಬೀರುವಿನಲ್ಲೇ ಇದ್ದವು. ಇಂಟರ್ನ್‌ಶಿಪ್ ಮುಗಿಸಿ ಬರುವಾಗ ಒಂದು ಪ್ರತಿ 'ಬೈಯೋದು ಯಾರಿಗೆ' ಎಂದು ಕೇಳಿದ ಹುಡುಗಿಯ ಮನೆಯಲ್ಲಿತ್ತು. ಅವಳ ಅಜ್ಜಿಗೆ ಓದಿ ಹೇಳುತ್ತಿದ್ದಾಳಂತೆ, ಇನ್ನೂ ಇಪ್ಪತ್ತು ಪುಟ ಬಾಕಿ ಇದೆಯಂತೆ. ವಾಪಸ್ ಕೊಡುವ ತಾರೀಖನ್ನು ಲೈಬ್ರರಿ ಪುಸ್ತಕದಲ್ಲಿ ಒಂದು ವಾರ ಮುಂದಕ್ಕೆ ಹಾಕಿಸಿ ಬಂದೆ.